ಕಥೆ ಕೇಳಿದ ವಿದ್ವಾಂಸ: ಎ. ಕೆ. ರಾಮಾನುಜನ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಹೇಳಿದಾಗ ನಾನು ಒಡನೆಯೇ ಒಪ್ಪಿಕೊಂಡೆನು. ಒಪ್ಪಿಕೊಳ್ಳುವುದು ಸುಲಭ. ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದ ಮೇಲೆ ಕಷ್ಟ ತಿಳಿಯಿತು. ವಿಶ್ವೇಶ್ವರಯ್ಯನವರು, ಗಾಂಧೀಜಿಯವರು, ವಿವೇಕಾನಂದರು ಎಲ್ಲರೂ ಎರಡು ಮೂರು ಸಲ ಬಂದು ಹೋಗಿದ್ದಾರೆ. ಅವರನ್ನು ನಾಲ್ಕನೆಯ ಸಲ ಕರೆತಂದು ದಣಿಸುವ ಧೈರ್ಯ ನನಗಾಗಲಿಲ್ಲ. ಯಾರನ್ನು ಕುರಿತು ಬರೆಯುವುದೆಂಬ ಚಿಂತೆಯಲ್ಲಿಯೇ ದಸರಾ ರಜೆಗೆ ಊರಿಗೆ ಹೋದೆನು. ನನಗೆ ಬೇಕಾದ ಮಹನೀಯರು ಸಿಕ್ಕಿದ್ದು ಒಂದು ಇಂಗ್ಲಿಷ್ ಚಲಚ್ಚಿತ್ರದ ದೆಸೆಯಿಂದ ಎಂದರೆ ಮಿತ್ರರು ನಗಬಹುದು. ಆದರೆ ನಡೆದದ್ದು ಹಾಗೆಯೇ.

ನಮ್ಮ ಊರು ಹನೂರಿನಿಂದ ಆಚೆಗೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ದಿಕ್ಕಿನಲ್ಲಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಸೋದರಮಾವನ ಮಗಳು ಹಬ್ಬಕ್ಕೆ ಬಂದಿದ್ದಳು. ಜೊತೆಗೆ ಲ್ಯಾಪ್‌ಟಾಪು ತಂದಿದ್ದಳು. ಒಂದು ಸಂಜೆ ಅದನ್ನು ಜಗಲಿಯ ಮೇಲೆ ರಾಗಿ ಮೂಟೆಯ ಮೇಲಿಟ್ಟು ಸಿಂಡ್ರೆಲ್ಲಾ ಎಂಬ ಚಿತ್ರವನ್ನು ಹಾಕಿದಳು. ಡಿಸ್ನಿ ಸಂಸ್ಥೆಯವರು 1950ರಲ್ಲಿ ಬರೆದ ಚಿತ್ರಗಳನ್ನು ಓಡಿಸಿ ತೋರಿಸಿದ್ದ ಕಥೆಯನ್ನೇ 2015ರಲ್ಲಿ ನಿಜವಾದ ನಟನಟಿಯರಿಂದ ಆಡಿಸಿ ಮತ್ತೆ ತೆಗೆದ ಚಿತ್ರವದು. ನಿರ್ದೇಶಕ ಕೆನೆತ್ ಬ್ರಾನಾ. ನಾವು ಮಕ್ಕಳು ಮರಿ ಸೇರಿ ಏಳೆಂಟು ಮಂದಿ ಕುಳಿತೆವು. ನನ್ನ ಅಜ್ಜಿಯೂ ಎಲೆಯಡಿಕೆಯ ಚೀಲ ಹಿಡಿದುಕೊಂಡು ಬಂದು ಕಂಬಕ್ಕೆ ಒರಗಿ ಕುಳಿತಳು. ಆಕೆಗೆ ಓದು ಬರಹ ಬಾರದು. ಇಂಗ್ಲಿಷು ದೂರದ ಮಾತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಟ ಮಾತ್ರ ಚೆನ್ನಾಗಿತ್ತು. ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹತ್ತು ನಿಮಿಷ ಹೇಳಿರಬೇಕು. ತಾಯಿ ಸತ್ತಳು, ಮಲತಾಯಿ ಬಂದಳು, ಹುಡುಗಿ ಒಲೆಯ ಬೂದಿಯಲ್ಲಿ ಮಲಗಿದಳು. ಅಷ್ಟರಲ್ಲಿ ಅಜ್ಜಿ ನನ್ನನ್ನು ತಡೆದು, ಮುಂದಿನದು ತನಗೆ ಗೊತ್ತು, ಇದು ಬೋಕಿ ಹುಡುಗಿಯ ಕಥೆಯೆಂದಳು. ಬೋಕಿ ಎಂದರೆ ಒಡೆದ ಮಡಕೆಯ ಚೂರು. ಆದರೆ ಈ ಹುಡುಗಿಯ ಮೊಗಕ್ಕೆ ಬೋಕಿ ಎಲ್ಲಿ ಎಂದು ಕೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಕುಂಬಳಕಾಯಿ ಸಾರೋಟಾದಾಗ ಅಜ್ಜಿ ಮನಸಾರೆ ನಕ್ಕಳು. ನೀಲಿ ನಿಲುವಂಗಿಯನ್ನು ಬಹಳ ಮೆಚ್ಚಿಕೊಂಡು, ಅದರಲ್ಲಿ ಎಷ್ಟು ರೇಷ್ಮೆ ಹೋಗಿರಬಹುದೆಂದು ಕೊಳ್ಳೇಗಾಲದ ಸೀರೆಗಳ ಲೆಕ್ಕದಲ್ಲಿ ಹಾಕಿ ನೋಡಿದಳು. ಗಾಜಿನ ಮೆಟ್ಟನ್ನು ಮಾತ್ರ ಒಪ್ಪಲಿಲ್ಲ. ಗಾಜು ತುಳಿದರೆ ಕಾಲು ಕುಯ್ಯದೆ ಇರುತ್ತದೆಯೇ ಎಂಬುದು ಆಕೆಯ ತಕರಾರು. ಕೊನೆಗೆ ರಾಜಕುಮಾರನಿಗೂ ಹುಡುಗಿಗೂ ಮದುವೆಯಾಯಿತು, ಚಿತ್ರ ಮುಗಿಯಿತು, ಎಲ್ಲರೂ ಎದ್ದೆವು. ಅಜ್ಜಿ ಏಳಲಿಲ್ಲ. ಮಿಕ್ಕಿದ್ದನ್ನು ಹಾಕಿರೆಂದಳು. ಮಿಕ್ಕಿದ್ದೇನೂ ಇಲ್ಲ, ಮದುವೆಯಾಯಿತಲ್ಲ ಎಂದೆವು. ಆಕೆ ನಂಬಲಿಲ್ಲ. ಮದುವೆಯಾದ ಮೇಲಲ್ಲವೇ ಕಥೆ, ಇದು ಅರ್ಧ ಕಥೆ, ಉಳಿದರ್ಧವನ್ನು ಪೇಟೆಯವರು ಕದ್ದಿದ್ದಾರೆ ಎಂದು ಗೊಣಗಿಕೊಂಡು ಒಳಕ್ಕೆ ಹೋದಳು.

ಕಾಲೇಜು ತೆರೆದ ಮೇಲೆ ಇದನ್ನು ತಮಾಷೆಯಾಗಿ ಅಧ್ಯಾಪಕರಿಗೆ ಹೇಳಿದೆನು. ಅವರು ನಗಲಿಲ್ಲ. ತಮ್ಮ ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು, ಇದನ್ನು ಓದು, ನಿನ್ನ ಮಹನೀಯರೂ ಇದರಲ್ಲಿಯೇ ಇದ್ದಾರೆ ಎಂದರು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳ ಪುಸ್ತಕವದು. ಕನ್ನಡದ ಮುದುಕಿಯರು ಕನ್ನಡದಲ್ಲಿ ಹೇಳಿದ ಕಥೆಗಳು ಇಂಗ್ಲಿಷಾಗಿ, ಅಮೆರಿಕದಲ್ಲಿ ಅಚ್ಚಾಗಿ, ಕೊಳ್ಳೇಗಾಲದಲ್ಲಿ ಕುಳಿತ ನನ್ನ ಕೈಗೆ ಬಂದುದನ್ನು ನೆನೆದರೆ ಈಗಲೂ ವಿಚಿತ್ರವೆನಿಸುತ್ತದೆ.

ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ನರು ಜನಿಸಿದುದು ನಮಗೆ ದೂರವಲ್ಲದ ಮೈಸೂರಿನಲ್ಲಿ, 1929ನೆಯ ಇಸವಿ ಮಾರ್ಚ್ 16ರಂದು. ತಂದೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಖಗೋಳಶಾಸ್ತ್ರವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಒಂದೇ ತಲೆಯಲ್ಲಿ ಇವೆರಡೂ ಹೇಗೆ ಇರಬಲ್ಲವೆಂದು ಮಗನಿಗೆ ಸಿಟ್ಟು. ಕೇಳಿದರೆ ತಂದೆಯವರು, ಮಿದುಳಿಗೆ ಎರಡು ಭಾಗಗಳಿವೆಯೆಂಬುದು ನಿನಗೆ ಗೊತ್ತಿಲ್ಲವೇ ಎಂದು ಮಾತು ಹಾರಿಸಿಬಿಟ್ಟರಂತೆ. ಮಗ ಈ ಪ್ರಶ್ನೆಯನ್ನು ಮರೆಯಲಿಲ್ಲ. ಅರವತ್ತರ ಹೊಸ್ತಿಲಲ್ಲಿ ಭಾರತೀಯರ ಚಿಂತನಕ್ರಮವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧಕ್ಕೆ ತಂದೆಯೇ ಉದಾಹರಣೆಯಾದರು.

ಆ ಮನೆಯಲ್ಲಿ ಭಾಷೆಗಳಿಗೂ ಸ್ಥಳಗಳು ಗೊತ್ತಾಗಿದ್ದವು. ಮೇಲಿನ ಅಂತಸ್ತು ತಂದೆಯವರದು, ಅಲ್ಲಿ ಇಂಗ್ಲಿಷು. ಕೆಳಗೆ, ತಾಯಿ ಮತ್ತು ಅಜ್ಜಿಯ ಅಡುಗೆಮನೆಯಲ್ಲಿ, ತಮಿಳು. ಬಾಗಿಲು ದಾಟಿ ಬೀದಿಗಿಳಿದರೆ ಕನ್ನಡ. ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಕೈತುತ್ತು ಹಾಕುವಾಗ ಹೆಂಗಸರು ಕಥೆ ಹೇಳುತ್ತಿದ್ದರು. ಹುಡುಗನಿಗೆ ಊಟವೂ ಕಥೆಯೂ ಒಟ್ಟಿಗೆ ಇಳಿದವು. ಮೇಲಿನ ಅಂತಸ್ತಿನ ಪುಸ್ತಕಗಳಿಗೆ ದೊರೆಯುವ ಗೌರವ ಕೆಳಗಿನ ಅಂತಸ್ತಿನ ಕಥೆಗಳಿಗೆ ಇಲ್ಲವೆಂಬುದನ್ನು ಆತ ಆಗ ಗಮನಿಸಿರಲಾರ. ಮುಂದೆ ಚೆನ್ನಾಗಿಯೇ ಗಮನಿಸಿದರು.

ಕಾಲೇಜಿಗೆ ಸೇರಿದಾಗ ಮೊದಲು ವಿಜ್ಞಾನ ಓದಿದರು. ಅದು ಒಗ್ಗದೆ ಸಾಹಿತ್ಯಕ್ಕೆ ಬಂದರು. ಈ ಸಂಗತಿಯನ್ನು ನಮ್ಮ ಕಲಾ ಕಾಲೇಜಿನ ಮಿತ್ರರು ಸಂತೋಷದಿಂದ ನೆನಪಿಡಬಹುದು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಮುಗಿಸಿ, ಅಧ್ಯಾಪಕರಾಗಿ ಕೊಲ್ಲಂ, ಮಧುರೆ, ಬೆಳಗಾವಿ, ಬರೋಡ ಎಂದು ಊರೂರು ತಿರುಗಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತರು. 1959ರಲ್ಲಿ ಅಮೆರಿಕಕ್ಕೆ ತೆರಳಿ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟು ಪಡೆದರು. ಅದಕ್ಕೆ ಮುಂಚೆಯೇ, 1962ರಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದರು. ಕೊನೆಯವರೆಗೂ ಅದೇ ಅವರ ನೆಲೆಯಾಯಿತು.

ಬೆಳಗಾವಿಯ ವರ್ಷಗಳನ್ನು ಹೀಗೆ ಒಂದು ಮಾತಿನಲ್ಲಿ ದಾಟಿಬಿಡುವುದು ಸರಿಯಲ್ಲ. 1950ರ ದಶಕದ ಆ ದಿನಗಳಲ್ಲಿ ಯುವಕ ರಾಮಾನುಜನ್ನರು ತರಗತಿಯಲ್ಲಿ ಇಂಗ್ಲಿಷ್ ಕಾವ್ಯ ಪಾಠ ಹೇಳಿ, ಬಿಡುವಿನಲ್ಲಿ ಆ ಸೀಮೆಯ ಹೆಂಗಸರ ಬಳಿ ಕುಳಿತು ಕಥೆ ಕೇಳಿ ಬರೆದುಕೊಳ್ಳುತ್ತಿದ್ದರು. ಕೋಟು ಹಾಕಿದ ಇಂಗ್ಲಿಷ್ ಅಧ್ಯಾಪಕರೊಬ್ಬರು ಓದುಬಾರದ ಮುದುಕಿಯ ಮುಂದೆ ಪೆನ್ಸಿಲು ಹಿಡಿದು ಶಿಷ್ಯನಂತೆ ಕುಳಿತುಕೊಳ್ಳುವುದು ಆಗಿನ ಕಾಲಕ್ಕೆ ಸಾಮಾನ್ಯ ದೃಶ್ಯವಾಗಿರಲಿಲ್ಲವೆಂದು ನಾನು ಊಹಿಸುತ್ತೇನೆ. ಈಗಲೂ ಅಲ್ಲ. ಹಾಗೆ ಅವರಿಗೆ ಸಿಕ್ಕಿದ ಕಥೆಗಳಲ್ಲಿ ಒಂದು ಹಂಚಿಯ ಕಥೆ.

ಒಬ್ಬ ತಾಯಿಗೆ ಮಗ ಒಬ್ಬ, ಮಗಳೊಬ್ಬಳು. ಮಗಳಿಗೆ ಚಿನ್ನದ ಕೂದಲು. ಬೆಳೆದ ತಂಗಿಯ ಮೇಲೆ ಅಣ್ಣನ ಕಣ್ಣೇ ಕೆಡುತ್ತದೆ. ತಾಯಿ ದಿಕ್ಕುಗೆಟ್ಟು ಮಗಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ಮಾಡಿಸಿ, ಇದನ್ನು ತೆಗೆಯಬೇಡವೆಂದು ಹೇಳಿ, ಮನೆಯಿಂದ ಕಳಿಸಿಬಿಟ್ಟು, ತಾನು ವಿಷ ಕುಡಿಯುತ್ತಾಳೆ. ಹುಡುಗಿ ಒಂದು ಸಾಹುಕಾರನ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಮುಖದ ಹಂಚಿನಿಂದ ಹಂಚಿ ಎಂದೇ ಹೆಸರಾಗುತ್ತದೆ. ಒಂದು ದಿನ ಮನೆಮಂದಿಯೆಲ್ಲ ತೋಟಕ್ಕೆ ಹೋದಾಗ ಮುಖವಾಡ ತೆಗೆದಿಟ್ಟು ಎಣ್ಣೆನೀರು ಹಾಕಿಕೊಳ್ಳುತ್ತಾಳೆ. ಕಿರಿಯ ಮಗ ಚಿನ್ನದ ಕೂದಲನ್ನು ಕಂಡುಬಿಡುತ್ತಾನೆ. ಮನೆಯವರು ಬೇಡವೆಂದರೂ ಕೇಳದೆ ಅವಳನ್ನೇ ಮದುವೆಯಾಗುತ್ತಾನೆ.

ಇಲ್ಲಿಗೆ ಡಿಸ್ನಿಯವರ ಚಿತ್ರ ಮುಗಿಯುತ್ತಿತ್ತು. ಹಂಚಿಯ ಕಥೆ ಮುಗಿಯುವುದಿಲ್ಲ. ಮನೆಯ ಗುರುವೆಂದು ಕಾಲಿಗೆರಗಿಸಿಕೊಳ್ಳುವವನೊಬ್ಬ ಈ ಸೊಸೆಯ ಮೇಲೆ ಆಸೆಪಟ್ಟು ಮಾಟ ಮಾಡುತ್ತಾನೆ. ಅವಳು ಜಾಣತನದಿಂದ ತಪ್ಪಿಸಿಕೊಳ್ಳುತ್ತಾಳೆ. ಆತ ಅವಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಕೈಹಿಡಿದ ಗಂಡನ ಮನೆಯವರೇ ಅದನ್ನು ನಂಬಿ ಅವಳನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಆತನಿಗೆ ಒಪ್ಪಿಸುತ್ತಾರೆ. ಪೆಟ್ಟಿಗೆ ಒಬ್ಬ ಮುದುಕಿಯ ಮನೆಯಲ್ಲಿ ಇಳಿಯುತ್ತದೆ. ಮುದುಕಿ ಹುಡುಗಿಯನ್ನು ಬಿಡಿಸಿ ಹುಚ್ಚುನಾಯಿಯೊಂದನ್ನು ಅದರೊಳಗೆ ಹಾಕಿಡುತ್ತಾಳೆ. ಗುರುವಿಗೆ ತಕ್ಕ ಶಾಸ್ತಿಯಾಗುತ್ತದೆ.

ರಾಮಾನುಜನ್ನರು ಈ ಕಥೆಯನ್ನು ಮೂರು ದಶಕಗಳ ಕಾಲ ಮರೆಯಲಿಲ್ಲ. ಸಿಂಡ್ರೆಲ್ಲಾ ಕಥೆ ಯೂರೋಪಿನ ಸ್ವತ್ತೆಂದು ಬಹಳ ಮಂದಿ ತಿಳಿದಿದ್ದ ಕಾಲವೊಂದಿತ್ತು. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಪಾಠದಿಂದಲೇ ಗಾಜಿನ ಮೆಟ್ಟೂ ಕುಂಬಳಕಾಯಿಯೂ ಡಿಸ್ನಿಯವರಿಗೆ ಬಂದುವು. ಆದರೆ ಚೀನಾದಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಚಿನ್ನದ ಮೆಟ್ಟಿನ ಹುಡುಗಿಯ ಕಥೆ ಬರೆಹಕ್ಕೆ ಇಳಿದಿತ್ತು. 1893ರಲ್ಲಿ ಇಂಗ್ಲೆಂಡಿನ ಮೇರಿಯನ್ ಕಾಕ್ಸ್ ಎಂಬಾಕೆ ಈ ಕಥೆಯ ಮತ್ತು ಇದರ ನೆಂಟ ಕಥೆಗಳ 345 ಪಾಠಗಳನ್ನು ಪಟ್ಟಿ ಮಾಡಿದ್ದಳು. 1982ರಲ್ಲಿ ಅಮೆರಿಕದ ವಿದ್ವಾಂಸ ಅಲನ್ ಡಂಡಿಸ್ ಸಿಂಡ್ರೆಲ್ಲಾ ಕಥೆಯನ್ನು ಕುರಿತು ಲೇಖನಗಳ ಸಂಪುಟವೊಂದನ್ನು ತಂದಾಗ, ಅದರೊಳಕ್ಕೆ ನಮ್ಮ ಹಂಚಿ ರಾಮಾನುಜನ್ನರ ಕೈಹಿಡಿದು ನಡೆದುಹೋದಳು.

ಅಲ್ಲಿ ಅವರು ಹೇಳುವ ಮಾತು ನನ್ನ ಅಜ್ಜಿಯ ಗೊಣಗಾಟವೇ ಆಗಿತ್ತೆಂಬುದು ನನಗೆ ಆಶ್ಚರ್ಯ ತಂದಿತು. ಗಂಡಸರು ನಾಯಕರಾದ ಕಥೆಗಳಲ್ಲಿ ಮದುವೆಯೆಂಬುದು ಕೊನೆ. ಸಾಹಸಕ್ಕೆ ಸಿಗುವ ಬಹುಮಾನ. ಹೆಂಗಸರು ಹೆಂಗಸರನ್ನು ಕುರಿತು ಹೇಳುವ ಕಥೆಗಳಲ್ಲಿ ಮದುವೆ ನಡುವೆಯೇ ಬಂದುಬಿಡುತ್ತದೆ. ನಿಜವಾದ ಕಷ್ಟ ಅಲ್ಲಿಂದ ಮುಂದೆ. ಈ ಅಭಿಪ್ರಾಯಕ್ಕೆ ಅವರು ಹಲವು ಕಥೆಗಳನ್ನು ಸಾಕ್ಷಿ ಕರೆದಿದ್ದಾರೆ. ನಮ್ಮ ಹನೂರು ಸೀಮೆಯವರಿಗೆ ದೂರದ ಸಾಕ್ಷಿ ಬೇಕಾಗಿಲ್ಲ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ಮೊದಲಾಗುವುದೇ ಗಂಡನ ಮನೆಯಲ್ಲಿ. ನೀಲೇಗೌಡ ಜೇನಿಗೆ ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಬೇಡುತ್ತಾನೆ, ಅವಳು ಕೊಡುವುದಿಲ್ಲ, ಹಿಂಸೆ ಕೊಟ್ಟು ಕೂಡಿಹಾಕಿ ಹೋಗುತ್ತಾನೆ. ಚಿಕ್ಕಂದಿನಲ್ಲಿ ಆ ಸಾಲನ್ನು ಕೇಳುತ್ತ ನಮ್ಮ ಮನೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ನಿದ್ದೆಯಿಂದಿರಬೇಕೆಂದು ಆಗ ಎಣಿಸಿದ್ದೆ.

ರಾಮಾನುಜನ್ನರ ಇತರ ಕೃತಿಗಳನ್ನು ಕುರಿತು ಹೇಳಲು ನನಗಿಂತ ಯೋಗ್ಯರು ಈ ಕಾಲೇಜಿನಲ್ಲಿಯೇ ಇದ್ದಾರೆ. ಷಿಕಾಗೋಗೆ ಸೇರಿದ ಹೊಸತರಲ್ಲಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣ ಹುಡುಕಲು ಹೋಗಿ, ಪ್ರಾಚೀನ ಪ್ರೇಮಕವಿತೆಗಳ ಸಂಕಲನವಾದ ಕುರುಂತೊಗೈ ಕಣ್ಣಿಗೆ ಬಿದ್ದು, ಅವುಗಳ ಅನುವಾದದಲ್ಲಿ ತೊಡಗಿದರು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ಕೊಟ್ಟರು. 1976ರಲ್ಲಿ ಅನಂತಮೂರ್ತಿಯವರ ಸಂಸ್ಕಾರ ಅವರ ಅನುವಾದದಲ್ಲಿ ಹೊರಬಂತು. ಕನ್ನಡದಲ್ಲಿಯೂ ಕವಿಯಾಗಿ, 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊಕ್ಕುಳಲ್ಲಿ ಹೂವಿಲ್ಲ ಎಂಬ ಸಂಕಲನ ತಂದರು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಪುರಸ್ಕಾರ. ಇವೆಲ್ಲವೂ ದೊಡ್ಡ ಸಂಗತಿಗಳೇ. ಆದರೆ ನನ್ನ ಮನಸ್ಸು ಪದೇ ಪದೇ ಆ ಪೆನ್ಸಿಲಿನ ಕಡೆಗೇ ಹೋಗುತ್ತದೆ.

ಅವರು ಕೇಳಿದ ಕಥೆಗಳಿಗೆ ಸಿನಿಮಾ ಆಗುವ ಯೋಗವೂ ಇತ್ತು. ಕೊಡದ ನೀರು ಹೊಯ್ದರೆ ಹೂವಿನ ಮರವಾಗುವ ಬಡಹುಡುಗಿಯ ಕಥೆಯೊಂದಿದೆ. ಹೂವು ಮಾರಿ ಮನೆ ನಡೆಸುತ್ತಿದ್ದ ಅವಳನ್ನು ರಾಜನ ಮಗ ಮದುವೆಯಾಗುತ್ತಾನೆ. ನಾದಿನಿಯ ಕುಚೇಷ್ಟೆಯಿಂದ ಕೊಂಬೆಗಳು ಮುರಿದು, ಅವಳು ಕೈಕಾಲಿಲ್ಲದ ಮುಂಡವಾಗಿ ಬೀಳುತ್ತಾಳೆ. ಇಲ್ಲಿಯೂ ಕಷ್ಟವೆಲ್ಲ ಮದುವೆಯ ಆಚೆಗೇ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ಚೆಲುವಿ ಎಂಬ ಹಿಂದಿ ಚಿತ್ರ ಮಾಡಿದರು. ಸೋನಾಲಿ ಕುಲಕರ್ಣಿಯವರ ಮೊದಲ ಚಿತ್ರವದು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದೇ ಕಥೆಯನ್ನು ಸಂಗೀತನಾಟಕವಾಗಿಸಿ ವಿಯೆನ್ನಾ ನಗರದಲ್ಲಿ ಆಡಿಸಿದರು. ಕಾರ್ನಾಡರ ನಾಗಮಂಡಲ ನಾಟಕವೂ ರಾಮಾನುಜನ್ನರಿಂದ ಕೇಳಿದ ಎರಡು ಕಥೆಗಳಿಂದ ಹುಟ್ಟಿದ್ದು, ಟಿ. ಎಸ್. ನಾಗಾಭರಣರು 1997ರಲ್ಲಿ ಅದನ್ನು ಕನ್ನಡ ಚಿತ್ರವಾಗಿ ತೆರೆಗೆ ತಂದರು. ಅದರಲ್ಲಿಯೂ ಹುಡುಗಿಯನ್ನು ಗಂಡ ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಸಂಕಮ್ಮನನ್ನು ಬಲ್ಲವರಿಗೆ ಅದು ಹೊಸ ಬೀಗವೇನಲ್ಲ.

ಆ ಎರಡು ಕಥೆಗಳಲ್ಲಿ ಒಂದು ನನ್ನನ್ನು ಬಹಳ ಕಾಡಿತು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದುವು. ಆಕೆ ಯಾರಿಗೂ ಹೇಳದೆ ಇಟ್ಟುಕೊಂಡಳು. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಆಕೆ ನಿದ್ದೆ ಹೋದಾಗ ಹೊರಬಿದ್ದು, ಒಂದು ಗಂಡಸಿನ ಅಂಗಿಯಾಗಿ, ಇನ್ನೊಂದು ಜೋಡು ಮೆಟ್ಟಾಗಿ ಮನೆಯಲ್ಲಿ ಕುಳಿತುಕೊಂಡವು. ಗಂಡ ಬಂದು ನೋಡಿ ಜಗಳ ತೆಗೆದ. ಹೇಳದ ಕಥೆ ಹೇಳದವರ ಮೇಲೆ ಸೇಡು ತೀರಿಸಿಕೊಂಡಿತು.

1991ರಲ್ಲಿ ರಾಮಾನುಜನ್ನರು ಭಾರತದ 22 ಭಾಷೆಗಳ ಜನಪದ ಕಥೆಗಳನ್ನು ಆರಿಸಿ ಒಂದು ಗ್ರಂಥವಾಗಿ ತಂದರು. ತಾವೇ ಕೇಳಿ ಕೂಡಿಟ್ಟ ಕನ್ನಡ ಕಥೆಗಳ ಗ್ರಂಥ ಅವರ ಕಣ್ಣೆದುರಿಗೆ ಹೊರಬರಲಿಲ್ಲ. 1993ರ ಜುಲೈ 13ರಂದು, ಷಿಕಾಗೋ ನಗರದಲ್ಲಿ, ಶಸ್ತ್ರಚಿಕಿತ್ಸೆಗೆಂದು ಕೊಟ್ಟ ಅರಿವಳಿಕೆ ಒಗ್ಗದೆ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಉಳಿದ ಹಸ್ತಪ್ರತಿಯನ್ನು ಸ್ಟುವರ್ಟ್ ಬ್ಲಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಸಂಪಾದಿಸಿ 1997ರಲ್ಲಿ ಪ್ರಕಟಿಸಿದರು. ನಮ್ಮ ಅಧ್ಯಾಪಕರು ನನಗೆ ಕೊಟ್ಟದ್ದು ಅದೇ ಪುಸ್ತಕ. 1999ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಸಮಗ್ರ ಸಂಪುಟಕ್ಕೆ ಮರಣೋತ್ತರವಾಗಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು.

ಪುಸ್ತಕ ಓದಿ ಮುಗಿಸಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ಬೋಕಿ ಹುಡುಗಿಯ ಕಥೆಯನ್ನು ಪೂರ್ತಿ ಕೇಳಿ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದು ನಿಶ್ಚಯಿಸಿದೆನು. ಅಜ್ಜಿಯ ತವರು ಯಳಂದೂರಿನ ಕಡೆ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನ ಊರೆಂದು ನಾವು ಪಠ್ಯದಲ್ಲಿ ಓದುವ ಯಳಂದೂರು. ಅಕ್ಷರ ಬಲ್ಲ ಹೊನ್ನಮ್ಮ ಸತಿಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದಿಟ್ಟಳು. ಅಕ್ಷರ ಬಾರದ ನನ್ನ ಅಜ್ಜಿ ಅದೇ ಸೀಮೆಯಿಂದ ಮದುವೆಯಾಗಿ ಬರುವಾಗ ತನ್ನ ತಾಯಿಯಿಂದ ಕೇಳಿದ ಈ ಕಥೆಯನ್ನು ಎರಡು ಹಿತ್ತಾಳೆ ಬಿಂದಿಗೆಗಳ ಜೊತೆಗೆ ಹನೂರಿನ ಈಚೆಗೆ ತಂದಳು. ಬಿಂದಿಗೆಗಳು ಇನ್ನೂ ಇವೆ.

ಹಗಲಿನಲ್ಲಿ ಕಥೆ ಹೇಳಿದರೆ ದಾರಿ ನಡೆಯುವವರಿಗೆ ದಾರಿ ತಪ್ಪುತ್ತದೆಂಬುದು ಅಜ್ಜಿಯ ನಂಬಿಕೆ. ಆದುದರಿಂದ ರಾತ್ರಿ ಊಟವಾದ ಮೇಲೆ ಮೊದಲು ಮಾಡಿದಳು. ಆಕೆಯ ಕಥೆಯಲ್ಲಿ ಚಿನ್ನದ ಕೂದಲಿಲ್ಲ. ಹುಡುಗಿ ನಕ್ಕರೆ ದೀಪ ಹತ್ತಿಕೊಳ್ಳುತ್ತದೆ. ಸಾಹುಕಾರನಿಲ್ಲ, ಊರ ಗೌಡನಿದ್ದಾನೆ. ಅಡುಗೆಯ ಕೆಲಸವಲ್ಲ, ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವ ಕೆಲಸ. ಕೆರೆಯಲ್ಲಿ ಮೊಗ ತೊಳೆಯುವಾಗ ಗೌಡನ ಮಗ ನೋಡಿ, ಬೋಕಿಯನ್ನು ಎತ್ತಿಟ್ಟುಕೊಂಡು, ಮದುವೆಯಾಗುವವರೆಗೂ ಕೊಡುವುದಿಲ್ಲವೆನ್ನುತ್ತಾನೆ. ಮದುವೆಯಾಯಿತು. ಅಷ್ಟು ಹೇಳುವಷ್ಟರಲ್ಲಿ ಅಜ್ಜಿಗೆ ಆಕಳಿಕೆ ಬಂತು. ಮಿಕ್ಕಿದ್ದು ನಾಳೆ ಎಂದು ಮಲಗಿದಳು. ಮರುದಿನ ಬೆಳಿಗ್ಗೆ ನನಗೆ ಕೊಳ್ಳೇಗಾಲದ ಬಸ್ಸು ಹಿಡಿಯಬೇಕಾಗಿತ್ತು. ಮಧ್ಯಾಹ್ನ ಕಾಲೇಜಿನಲ್ಲಿ ಕಿರುಪರೀಕ್ಷೆ. ಎಷ್ಟು ಬೇಡಿಕೊಂಡರೂ ಹಗಲಿನಲ್ಲಿ ಬಾಯಿ ಬಿಡಲಿಲ್ಲ. ನೀನೇ ದಾರಿಯಲ್ಲಿ ಹೋಗುವವನು, ನಿನಗೇ ದಾರಿ ತಪ್ಪಿದರೆ ಎಂದು ನನ್ನನ್ನೇ ಗದರಿಸಿ ಕಳಿಸಿದಳು.

ಮುಂದಿನ ತಿಂಗಳು ಅಜ್ಜಿಗೆ ಪಾರ್ಶ್ವವಾಯು ಹೊಡೆಯಿತು. ಜೀವಕ್ಕೆ ಭಯವಿಲ್ಲ, ಬಲಗೈ ಮತ್ತು ಮಾತು ಹೋದುವು.

ಶಿವರಾತ್ರಿಗೆ ಹೋದಾಗ ಪುಸ್ತಕವನ್ನು ಜೊತೆಗೆ ಒಯ್ದಿದ್ದೆನು. ಬೆಟ್ಟಕ್ಕೆ ಹೊರಟ ಪರಸೆಯವರು ಉಘೇ ಎನ್ನುತ್ತ ರಸ್ತೆಯಲ್ಲಿ ಹೋಗುತ್ತಿದ್ದರು. ಕತ್ತಲಾದ ಮೇಲೆ ಅಜ್ಜಿಯ ಮಂಚದ ಬಳಿ ಕುಳಿತು, ಫೋನಿನಲ್ಲಿದ್ದ ಆಕೆಯ ದನಿಯಲ್ಲಿಯೇ ಕಥೆಯನ್ನು ಮದುವೆಯವರೆಗೆ ಕೇಳಿಸಿದೆನು. ಕಣ್ಣು ಅರಳಿಸಿ ಕೇಳಿದಳು. ಆಮೇಲೆ ರಾಮಾನುಜನ್ನರ ಹಂಚಿಯ ಉಳಿದ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಿದೆನು: ಗುರು, ಅಪವಾದ, ಪೆಟ್ಟಿಗೆ, ಹುಚ್ಚುನಾಯಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಎಡಗೈ ಎತ್ತಿ ಅಲ್ಲವೆಂಬಂತೆ ಆಡಿಸಿದಳು. ಹೂವಿನ ಮರದ ಹುಡುಗಿಯಂತೆ ನಾದಿನಿ ಕೈಕಾಲು ಮುರಿದಳೇ ಎಂದೆನು. ಅಲ್ಲ. ಸಂಕಮ್ಮನಂತೆ ಗಂಡ ಕೂಡಿಹಾಕಿದನೇ ಎಂದೆನು. ಅಲ್ಲ. ಆ ಬೋಕಿ ಏನಾಯಿತು, ಅವಳು ಅದನ್ನು ಮತ್ತೆ ಮೊಗಕ್ಕೆ ಕಟ್ಟಿಕೊಂಡಳೇ ಎಂದು ಕೇಳಿದೆನು. ಅಜ್ಜಿಯ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. ತುಟಿ ಅಲುಗಿತು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ಬಹಳ ಹೊತ್ತು ಕಾದೆನು.